ಒಪ್ಪಂದದ ಕ್ರಿಯಾಪದಗಳು

ಕಾವ್ಯವನ್ನೋದುವ ಕಣ್ಣಿನಿಂದಲೇ 1968ರ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದವನ್ನು ಈಚೆಗೆ ಓದಿದೆ. ಹನ್ನೊಂದೇ ವಿಧಿಗಳ ಪುಟ್ಟ ಕೃತಿ, ಗುಟ್ಟೆಲ್ಲ ಕ್ರಿಯಾಪದಗಳಲ್ಲಿದೆ. ಬಾಂಬಿಲ್ಲದ ರಾಷ್ಟ್ರಗಳಿಗೆ ಮಾಡಕೂಡದು, ಪಡೆಯಕೂಡದು ಎಂಬ ಖಂಡಿತವಾದ ಮಾತು. ನಿಶ್ಶಸ್ತ್ರೀಕರಣದ ಆರನೆಯ ವಿಧಿಗೆ ಬಂದರೆ, ಸದ್ಭಾವದಿಂದ ಮಾತುಕತೆ ನಡೆಸಿರೆಂಬ ಸೌಮ್ಯ ಬುದ್ಧಿವಾದ, ಗಡುವಿನ ದಿನಾಂಕವಿಲ್ಲ.

ಒಪ್ಪಂದವು ಅಣ್ವಸ್ತ್ರವುಳ್ಳವೆಂದು ಮನ್ನಿಸಿದ ಐದು ರಾಷ್ಟ್ರಗಳೇ ಇಂದು ಭದ್ರತಾ ಮಂಡಳಿಯ ಖಾಯಂ ಸದಸ್ಯರು. ವಿಟೋ ಅವರ ಕೈಯಲ್ಲಿದೆ; ಅದನ್ನು ತಿದ್ದಲೂ ಐವರ ಒಪ್ಪಿಗೆ ಬೇಕೆನ್ನುತ್ತದೆ ವಿಶ್ವಸಂಸ್ಥೆಯ ಸನ್ನದಿನ 108ನೆಯ ವಿಧಿ. ಬಾಕಿದಾರನೇ ನ್ಯಾಯಪೀಠದಲ್ಲಿ ಕುಳಿತರೆ ವಸೂಲಿ ಮಾಡುವವರಾರು?

2017ರಲ್ಲಿ 122 ರಾಷ್ಟ್ರಗಳ ಮತದಿಂದ ಅಂಗೀಕೃತವಾದ ನಿಷೇಧ ಒಪ್ಪಂದದ ಭಾಷೆ ನೇರವಾದುದು: ಅಣ್ವಸ್ತ್ರ ಯಾರಿಗೂ ಕೂಡದು. ಬಾಂಬಿಗೆ ಸಿಕ್ಕಿ ನೊಂದವರನ್ನು, ಹಿಬಾಕುಷಾರನ್ನು, ಅದರ ಪೀಠಿಕೆ ನೆನೆಯುತ್ತದೆ. ಬಾಂಬುಳ್ಳ ಒಂದು ರಾಷ್ಟ್ರವೂ ಸಹಿ ಮಾಡಿಲ್ಲ.

ಮೊದಲಿನದು ಪಕ್ಷಪಾತದ್ದೆಂದು ದೂರವುಳಿದ ನಮ್ಮ ದೇಶವೂ, ಪಕ್ಷಪಾತವಿಲ್ಲದ ಈ ಎರಡನೆಯದಕ್ಕೆ ಸಹಿ ಮಾಡಲಿಲ್ಲ. ಪರರ ವ್ಯಾಕರಣ ತಿದ್ದುವುದು ವಿಮರ್ಶಕನಿಗೆ ಸುಲಭ. ನಮ್ಮದನ್ನು ತಿದ್ದಹೊರಟಾಗ ನನ್ನ ಲೇಖನಿಯೂ ತಡವರಿಸುತ್ತದೆ.