ಮಟ್ಟಿಗೆ ಬರೆದವರು

ಕನ್ನಡ ಕೂಟಗಳ ವೇದಿಕೆಯಲ್ಲಿ ಸಿನಿಮಾ ಹಾಡೊಂದು ಶುರುವಾಗುವ ಮೊದಲು ನಿರೂಪಕರು ಸಾಮಾನ್ಯವಾಗಿ ಎರಡು ಹೆಸರು ಹೇಳುತ್ತಾರೆ: ನಾಯಕ ನಟನದು, ಗಾಯಕರದು. "ಅಣ್ಣಾವ್ರ ಹಾಡು", "ಎಸ್‌ಪಿಬಿ ಹಾಡು" ಎಂದೇ ನಮ್ಮ ರೂಢಿ. ಸಂಗೀತ ಯಾರದು ಎಂಬುದು ಒಮ್ಮೊಮ್ಮೆ ಬರುತ್ತದೆ. ಮಾತು ಯಾರದು ಎಂಬುದು ಬರುವುದು ಅಪರೂಪ. ಅದೇ ಭಾವಗೀತೆಯಾದರೆ ಕವಿಯ ಹೆಸರು ಬಿಟ್ಟುಹೋದರೆ ಮುಂದಿನ ಸಾಲಿನ ಹಿರಿಯರು ಮುಖ ಸಿಂಡರಿಸುತ್ತಾರೆ. ಮಕ್ಕಳ ಗಾಯನ ಸ್ಪರ್ಧೆಯ ನಿಯಮಗಳಲ್ಲಿ "ಚಿತ್ರಗೀತೆಗಳಿಗೆ ಅವಕಾಶವಿಲ್ಲ" ಎಂಬ ಸಾಲನ್ನು ಇಷ್ಟು ವರ್ಷಗಳಲ್ಲಿ ನಾನು ಎಷ್ಟೋ ಸಲ ಓದಿದ್ದೇನೆ.

ಇದರ ಹಿಂದೆ ಒಂದು ನಂಬಿಕೆ ಇದೆ. ಕವಿ ಒಳಗಿನಿಂದ ಬರೆಯುತ್ತಾನೆ. ಚಿತ್ರಸಾಹಿತಿ ಯಾರೋ ಕೊಟ್ಟ ಟ್ಯೂನಿಗೆ, ಯಾರೋ ಹೇಳಿದ ಸನ್ನಿವೇಶಕ್ಕೆ, ಹಣಕ್ಕೆ ಬರೆಯುತ್ತಾನೆ. ಆದ್ದರಿಂದ ಎರಡನೆಯದು ಕೀಳು. ಈ ನಂಬಿಕೆ ನಿಲ್ಲುವಂಥದ್ದಲ್ಲ ಎಂಬುದು ನನ್ನ ವಾದ. ಸಾಹಿತ್ಯದ ಪ್ರಾಧ್ಯಾಪಕರು ಇದನ್ನು ಇನ್ನೂ ಚೆನ್ನಾಗಿ ಹೇಳಿಯಾರು. ನಾನು ವೈದ್ಯ, ಕೇಳುಗನಾಗಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮಟ್ಟಿಗೆ ಮಾತು ಕೂರಿಸುವುದು ಸಿನಿಮಾದವರು ಹುಟ್ಟುಹಾಕಿದ ಕೆಲಸವಲ್ಲ. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಬರೆದದ್ದು ಭಾಗವತರ ಬಾಯಿಗೆ. ಪದಗಳ ತಲೆಯ ಮೇಲೆ ರಾಗ, ತಾಳ ಕೂತಿರುತ್ತವೆ. ಆ ಮಟ್ಟಿನಲ್ಲಿ ಹಾಡಲು ಬಾರದ ಪದ ಎಷ್ಟು ಚಂದವಿದ್ದರೂ ರಂಗಸ್ಥಳದಲ್ಲಿ ನಿಲ್ಲುವುದಿಲ್ಲ. ಗದುಗಿನ ನಾರಣಪ್ಪ ಹತ್ತು ಪರ್ವಗಳ ಭಾರತವನ್ನು ಭಾಮಿನಿ ಷಟ್ಪದಿ ಎಂಬ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರು. ಅಚ್ಚು ಮೊದಲೇ ಇತ್ತು, ಮಾತು ಆಮೇಲೆ ಬಂತು. ಹಾಗೆಂದು ಅವರನ್ನು ಯಾರೂ ಕೀಳೆನ್ನುವುದಿಲ್ಲವಲ್ಲ.

ಈಗ ಚಿ. ಉದಯಶಂಕರ್ ಅವರನ್ನು ನೋಡೋಣ. ಹುಟ್ಟಿದ್ದು 1934ರಲ್ಲಿ. ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿ. 1963ರ 'ಸಂತ ತುಕಾರಾಂ' ಚಿತ್ರದಿಂದ ಇವರ ಬರವಣಿಗೆ ಶುರುವಾಯಿತು; 1993ರ ಜುಲೈಯಲ್ಲಿ ತೀರಿಕೊಂಡರು. ಒಟ್ಟು ಸುಮಾರು ಮೂರು ಸಾವಿರ ಹಾಡು ಎಂದು ಲೆಕ್ಕ ಹೇಳುವುದುಂಟು. ಮೂವತ್ತು ವರ್ಷಕ್ಕೆ ಭಾಗಿಸಿದರೆ ವರ್ಷಕ್ಕೆ ನೂರು, ವಾರಕ್ಕೆ ಹೆಚ್ಚುಕಡಿಮೆ ಎರಡು. ಇದರ ಮೇಲೆ ಚಿತ್ರಕಥೆ, ಸಂಭಾಷಣೆ. ತೀರಿಕೊಂಡಾಗ ವಯಸ್ಸು 59. ಈ ಸಂಖ್ಯೆಗಳನ್ನು ಒಟ್ಟಿಗೆ ನೋಡಿದಾಗ ವೈದ್ಯನ ಕಣ್ಣು ಒಂದು ಕ್ಷಣ ನಿಲ್ಲುತ್ತದೆ.

ಉದಯಶಂಕರ್ ಮೇಲಿನ ಆರೋಪ ಎಲ್ಲರಿಗೂ ಗೊತ್ತು: ಹೂವು, ಚಂದಿರ, ತಂಗಾಳಿ, ಬಾಳು, ಒಲವು, ಮತ್ತೆ ಅದೇ ಹೂವು. ಆರೋಪ ನಿಜ. ಅವರ ಹಾಡುಗಳನ್ನು ಕಾಗದದ ಮೇಲೆ ಸಾಲಾಗಿ ಓದಿದರೆ ಬೇಸರ ಬರುತ್ತದೆ. ಆದರೆ ಅವನ್ನು ಬರೆದದ್ದು ಕಾಗದಕ್ಕಲ್ಲ. ಕೇಳಿದಾಗ ತಿಳಿಯುವ ಸಂಗತಿ ಬೇರೆ.

ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬದಲಾಗುತ್ತದೆ. ಬಳೆ ಎಳೆದರೆ ಬಾಳೆ, ಮನ ಎಳೆದರೆ ಮಾನ. ಟ್ಯೂನು ಮೊದಲು ಬಂದಾಗ ಯಾವ ಸ್ವರದ ಮೇಲೆ ಗಾಯಕ ನಿಲ್ಲಬೇಕೆಂಬುದು ತೀರ್ಮಾನವಾಗಿರುತ್ತದೆ. ಅಲ್ಲಿ ಹ್ರಸ್ವಾಕ್ಷರ ಬಿದ್ದರೆ ಹಾಡು ಕೆಟ್ಟಿತು. ಇನ್ನೊಂದು ತೊಡಕು ಗಂಟಲಿನದು. ತಾರಸ್ಥಾಯಿಯಲ್ಲಿ 'ಆ' ಹಾಡುವುದು ಸುಲಭ, ಬಾಯಿ ತೆರೆದಿರುತ್ತದೆ. 'ಇ', 'ಉ' ಹಾಡುವಾಗ ಬಾಯಿ ಕಿರಿದಾಗಬೇಕು, ಎತ್ತರದ ಸ್ವರದಲ್ಲಿ ಗಾಯಕ ಅದನ್ನು ಸ್ವಲ್ಪ ಅಗಲಿಸಿಯೇ ಹಾಡಬೇಕಾಗುತ್ತದೆ, ಉಚ್ಚಾರ ಮಸುಕಾಗುತ್ತದೆ. 'ಎರಡು ಕನಸು' (1974), 'ಬಯಲು ದಾರಿ' (1976), 'ನಾ ನಿನ್ನ ಬಿಡಲಾರೆ' (1979) ಚಿತ್ರಗಳ ಹಾಡುಗಳನ್ನು ಈ ಕಿವಿಯಿಂದ ಮತ್ತೊಮ್ಮೆ ಕೇಳಿ. ರಾಗ ನಿಲ್ಲುವಲ್ಲಿ ದೀರ್ಘಾಕ್ಷರ ಇರುತ್ತದೆ. ರಾಗ ಓಡುವಲ್ಲಿ ಸಣ್ಣ ಸಣ್ಣ ಮಾತುಗಳು ಇರುತ್ತವೆ. ಸಾಲು ಮುಗಿಯುವಲ್ಲಿ ವಾಕ್ಯವೂ ಮುಗಿಯುತ್ತದೆ. ಮಾತು ಮೊದಲು ಹುಟ್ಟಿ ರಾಗ ಅದರ ಹಿಂದೆ ನಡೆದುಬಂದ ಹಾಗೆ ಕೇಳಿಸುತ್ತದೆ. ಈ ಭ್ರಮೆ ಹುಟ್ಟಿಸುವುದೇ ಆ ಕಸುಬು. ಕೈಚಳಕ ಕಾಣಿಸದಷ್ಟು ಚೆನ್ನಾಗಿ ಹೊಲಿಗೆ ಹಾಕಿದ ಸರ್ಜನ್‌ಗೆ ರೋಗಿಯಿಂದ ಹೊಗಳಿಕೆ ಸಿಗುವುದಿಲ್ಲ, ಇದೂ ಹಾಗೆ.

ಈ ಮೂರೂ ಚಿತ್ರಗಳ ಸಂಗೀತ ರಾಜನ್–ನಾಗೇಂದ್ರ ಅವರದು. ಮೈಸೂರಿನ ಅಣ್ಣತಮ್ಮಂದಿರು; ತಂದೆ ರಾಜಪ್ಪನವರು ಮೂಕಿ ಚಿತ್ರಗಳ ಕಾಲದ ವಾದ್ಯಗಾರರು. 1953ರ 'ಸೌಭಾಗ್ಯಲಕ್ಷ್ಮಿ'ಯಿಂದ ಶುರುವಾದ ಜೋಡಿ ದಶಕಗಟ್ಟಲೆ ಒಟ್ಟಿಗೆ ಕೆಲಸ ಮಾಡಿತು. ತಮ್ಮ ನಾಗೇಂದ್ರ 2000ದಲ್ಲಿ, ಅಣ್ಣ ರಾಜನ್ 2020ರಲ್ಲಿ ತೀರಿಕೊಂಡರು. ಅವರ ಮಾಧುರ್ಯದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ಮುಖ್ಯವೆನಿಸುವುದು ಅವರು ಬಿಡುವ ಜಾಗ. ಸಾಲು ಸಾಲಿನ ನಡುವೆ ವಾದ್ಯ ತುಂಬಿದರೂ, ಹಾಡುವವರು ಹಾಡುತ್ತಿರುವಾಗ ಅದು ಹಿಂದೆ ಸರಿದು ನಿಲ್ಲುತ್ತದೆ. ಆದ್ದರಿಂದಲೇ ಮಾತು ಕೇಳಿಸುತ್ತದೆ.

ಆ ಕಾಲದ ಏರ್ಪಾಡನ್ನೂ ನೆನೆಯಬೇಕು. ಕನ್ನಡ ಚಿತ್ರಗಳ ಧ್ವನಿಮುದ್ರಣ ಹೆಚ್ಚಾಗಿ ಮದರಾಸಿನಲ್ಲಿ ನಡೆಯುತ್ತಿತ್ತು. ಗಾಯಕರೂ ವಾದ್ಯದವರೂ ಒಂದೇ ಹೊತ್ತಿನಲ್ಲಿ ಹಾಡಿ ನುಡಿಸಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ನಾಲಿಗೆ ತೊಡರುವ ಒಂದು ಪದಕ್ಕೆ ತೆರಬೇಕಾದ ಬೆಲೆ ದೊಡ್ಡದಿತ್ತು. ಜೊತೆಗೆ ಒಂದು ಹಾಡನ್ನು ಬೇಡವೆನ್ನಲು ಹಲವರಿದ್ದರು: ಸಂಗೀತ ನಿರ್ದೇಶಕರು, ನಿರ್ದೇಶಕರು, ರಾಜ್‌ಕುಮಾರ್ ಚಿತ್ರವಾದರೆ ಅವರ ತಮ್ಮ ವರದಪ್ಪನವರು. ಜಿ.ಕೆ. ವೆಂಕಟೇಶ್ ಸಂಗೀತದ 'ಸಂಪತ್ತಿಗೆ ಸವಾಲ್' (1974) ನಂತರ ರಾಜ್ ತಮಗೆ ತಾವೇ ಹಾಡತೊಡಗಿದರು. ಗುಬ್ಬಿ ಕಂಪನಿಯಲ್ಲಿ ಪಳಗಿದ ನಾಲಿಗೆ ಅದು. ಒತ್ತಕ್ಷರ, ಮಹಾಪ್ರಾಣ ಯಾವುದೂ ಜಾರುತ್ತಿರಲಿಲ್ಲ. ಅಂಥ ಗಾಯಕನಿಗೆ ಬರೆಯುವ ಧೈರ್ಯವೇ ಬೇರೆ. 1992ರ 'ಜೀವನ ಚೈತ್ರ'ದ ತೋಡಿ ರಾಗದ ಹಾಡು ಉದಯಶಂಕರ್ ಬರೆದದ್ದು, ಉಪೇಂದ್ರ ಕುಮಾರ್ ಸಂಯೋಜನೆ, ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಹೂವು–ಚಂದಿರದವರು ಬರೆದ ಆ ಹಾಡಿನಲ್ಲಿ ನಾದದ ತತ್ತ್ವವೇ ವಸ್ತು. ಬರಲಾರದೆ ಸುಮ್ಮನಿದ್ದವರಲ್ಲ ಅವರು, ಕೇಳಿದ್ದನ್ನು ಕೊಟ್ಟವರು.

ಹಂಸಲೇಖ ಅವರ ಕತೆ ಬೇರೆ ಥರದ್ದು. ಇಲ್ಲಿ ಬೇಡವೆನ್ನುವವರು ಕಡಿಮೆ, ಏಕೆಂದರೆ ಬರೆಯುವವರೂ ಸ್ವರ ಹಾಕುವವರೂ ಒಬ್ಬರೇ. 1987ರ 'ಪ್ರೇಮಲೋಕ'ದಲ್ಲಿ ರವಿಚಂದ್ರನ್ ಜೊತೆ ಅವರು ಮಾಡಿದ್ದು ಕನ್ನಡಕ್ಕೆ ಹೊಸದು. ವಾಡಿಕೆಗಿಂತ ಬಹಳ ಹೆಚ್ಚು ಹಾಡುಗಳು. ಕಾಲೇಜು ಹುಡುಗ ಹುಡುಗಿಯರ ಕೀಟಲೆ, ಜಗಳ, ಪ್ರಶ್ನೋತ್ತರ ಎಲ್ಲವೂ ಹಾಡಿನೊಳಗೇ. ಕತೆಯನ್ನು ಹಾಡೇ ಹೊತ್ತು ನಡೆಯಿತು. ಯಕ್ಷಗಾನ ನೋಡಿ ಬೆಳೆದವರಿಗೆ ಇದೇನೂ ಅಪರಿಚಿತವಲ್ಲ, ಸಿನಿಮಾಕ್ಕೆ ಹೊಸದಷ್ಟೆ.

ಲಹರಿಯವರ ಆ ಕ್ಯಾಸೆಟ್ ಗಲ್ಫಿಗೆ ಬಂದದ್ದು ಊರಿನಿಂದ ರಜೆ ಮುಗಿಸಿ ಬರುವವರ ಸೂಟ್‌ಕೇಸಿನಲ್ಲಿ, ಹಪ್ಪಳ ಉಪ್ಪಿನಕಾಯಿಯ ಪಕ್ಕದಲ್ಲಿ. ಒಂದರಿಂದ ಹತ್ತು ಕಾಪಿ ಆಗುತ್ತಿತ್ತು, ಕದ್ದದ್ದೆಂಬ ಅಳುಕು ಯಾರಿಗೂ ಇರಲಿಲ್ಲ. ಸಲ್ಮಾಬಾದಿನ ಗ್ಯಾರೇಜುಗಳ ಸಾಲಿನಲ್ಲಿ ಸಂಜೆ ನಡೆದರೆ ಟಿಂಕರಿಂಗ್ ಸುತ್ತಿಗೆಯ ಸದ್ದಿನ ನಡುವೆ ಮಲಯಾಳಂ, ಹಿಂದಿ, ಉರ್ದು ಹಾಡುಗಳ ಜೊತೆ ಒಂದು ಕನ್ನಡ ಹಾಡು ಕೇಳಿಸಿದರೆ ಅದು ಹೆಚ್ಚಾಗಿ ಉದಯಶಂಕರ್ ಅಥವಾ ಹಂಸಲೇಖ ಅವರದು. ಅಲ್ಲಿ ನಾನು ಭಾವಗೀತೆ ಕೇಳಿದ್ದಿಲ್ಲ. ಇದನ್ನು ಭಾವಗೀತೆಯ ಸೋಲು ಎನ್ನುತ್ತಿಲ್ಲ. ಆದರೆ ನಮ್ಮ ಸಮಿತಿಗಳಲ್ಲಿ ಕೂತವರಿಗಿಂತ ಎಷ್ಟೋ ಹೆಚ್ಚು ಗಂಟೆ ಬಿಸಿಲಲ್ಲಿ ದುಡಿಯುವ ಕನ್ನಡಿಗರಿಗೆ ಭಾಷೆಯ ಜೊತೆ ಉಳಿದ ಕೊಂಡಿ ಯಾವುದು ಎಂದು ಕೇಳಿದರೆ ಉತ್ತರ ಇದೇ.

ಹಂಸಲೇಖರ ಬಲ ಲಯದಲ್ಲಿದೆ. ಕನ್ನಡದ ಮಾತು ಬಹುಪಾಲು ಸ್ವರದಲ್ಲಿ ಮುಗಿಯುತ್ತದೆ, ಹಾಗಾಗಿ ಹರಿಯುತ್ತದೆ. ಹರಿಯುವುದನ್ನು ತಡೆದು ಬಡಿಯಬೇಕಾದಾಗ ಅವರು ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಪದವನ್ನೋ ಅನುಕರಣ ಶಬ್ದವನ್ನೋ ತಂದು ಇಡುತ್ತಾರೆ; ತಮಟೆಗೆ ಒಂದು ಏಟು ಬಿದ್ದ ಹಾಗೆ. ಬೇರೆಯವರ ಟ್ಯೂನಿಗೆ ಬರೆಯುವವನಿಗೆ ಈ ಸ್ವಾತಂತ್ರ್ಯವಿಲ್ಲ. ಮಾತು ಬೇಡಿದರೆ ಸ್ವರ ಬದಲಿಸಬಹುದು, ಸ್ವರ ಬೇಡಿದರೆ ಮಾತು. ಅದೇ ವ್ಯಕ್ತಿ 'ಮುತ್ತಿನಹಾರ'ದಲ್ಲಿ (1990) ಬಾಲಮುರಳಿಕೃಷ್ಣ ಅವರಿಂದ ಹಾಡಿಸಿದರು, 'ಆಕಸ್ಮಿಕ'ದಲ್ಲಿ (1993) ರಾಜ್ ಕಂಠದಲ್ಲಿ ನಾಡಿನ ಹಾಡನ್ನು ಕೊಟ್ಟರು. ಅದಿಲ್ಲದೆ ನಮ್ಮ ಯಾವ ರಾಜ್ಯೋತ್ಸವವೂ ಮುಗಿಯುವುದಿಲ್ಲ. 'ಗಾನಯೋಗಿ ಪಂಚಾಕ್ಷರಿ ಗವಾಯಿ'ಗೆ ರಾಷ್ಟ್ರಪ್ರಶಸ್ತಿ ಪಡೆದರು. ಅಷ್ಟು ಅಗಲದ ಹರಹು ಇನ್ನೊಬ್ಬರಲ್ಲಿ ನಾನು ಕಂಡಿಲ್ಲ.

ಬೆಲೆಯೂ ಇತ್ತು. ತೊಂಬತ್ತರ ದಶಕದಲ್ಲಿ ಚಿತ್ರಗಳ ಮೇಲೆ ಚಿತ್ರ ಬಂದಾಗ ಪ್ರಾಸವೇ ಮುಂದಾಗಿ ಅರ್ಥ ಹಿಂದಾದ ಹಾಡುಗಳು ಬಹಳ ಬಂದವು. ಮೊದಲ ಸಾಲಿನ ಚಮತ್ಕಾರ ಮೂರನೆಯ ಚರಣಕ್ಕೆ ಬರುವಾಗ ಆಯಾಸವಾಗಿರುತ್ತದೆ. ಪಕ್ಕದಲ್ಲಿ ಕೂತು "ಇದು ಸಾಲದು, ಇನ್ನೊಂದು ಬರೆಯಿರಿ" ಎನ್ನುವ ಎರಡನೆಯ ವ್ಯಕ್ತಿ ಇದ್ದಿದ್ದರೆ ಅವುಗಳಲ್ಲಿ ಅರ್ಧ ಸುಧಾರಿಸುತ್ತಿದ್ದವು ಎಂದು ನನಗನಿಸುತ್ತದೆ. ರವಿಚಂದ್ರನ್ 1999ರ 'ನಾನು ನನ್ನ ಹೆಂಡ್ತೀರು' ಚಿತ್ರಕ್ಕೆ ತಾವೇ ಸಂಗೀತ ಮಾಡಿದರು. ಆ ಜೋಡಿ ಬೇರೆಯಾದ ಮೇಲೆ ಇಬ್ಬರಲ್ಲಿ ಯಾರ ಹಾಡಿಗೂ ಹಳೆಯ ಕಾವು ಪೂರ್ತಿಯಾಗಿ ಬರಲಿಲ್ಲ ಎಂಬುದು ನನ್ನ ಕಿವಿಯ ತೀರ್ಪು, ಒಪ್ಪದವರು ಇರಬಹುದು.

ಇನ್ನು ಹೊಟ್ಟೆಪಾಡಿನ ಮಾತು. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಸುಗಮ ಸಂಗೀತಕ್ಕೆ ಮನೆಮನೆಯ ಬಾಗಿಲು ತೆರೆಯಿತು. ಆ ಹಾದಿಯ ಇನ್ನೊಬ್ಬ ದೊಡ್ಡವರು ಸಿ. ಅಶ್ವಥ್, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತ ಸಂಗೀತ ಕಟ್ಟಿದವರು. ತಿಂಗಳ ಸಂಬಳ ಇದ್ದವರಿಗೆ ಒಂದು ಕವಿತೆಯ ಜೊತೆ ಬೇಕಾದಷ್ಟು ದಿನ ಕೂರಬಹುದು, ಇಷ್ಟವಾಗದ್ದನ್ನು ಬಿಡಬಹುದು. ಸಿನಿಮಾ ಒಂದನ್ನೇ ನಂಬಿದವರಿಗೆ ಆ ಸೌಕರ್ಯವಿಲ್ಲ. ಕಾನೂನೂ ಅವರ ಕಡೆ ಇರಲಿಲ್ಲ. ಸಿನಿಮಾಕ್ಕೆಂದು ಹಣ ಕೊಟ್ಟು ಬರೆಸಿದ ಹಾಡಿನ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕರದೇ ಎಂದು ಭಾರತದ ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪು ಕೊಟ್ಟಿತು. ಬರೆದವರಿಗೆ ಒಂದು ಸಲದ ಸಂಭಾವನೆ. ಆಮೇಲೆ ಹಾಡು ರೇಡಿಯೊದಲ್ಲಿ, ಕ್ಯಾಸೆಟ್ಟಿನಲ್ಲಿ ಎಷ್ಟು ವರ್ಷ ಬದುಕಿದರೂ ಅದು ಬೇರೆಯವರ ಆದಾಯ. ಚಿತ್ರಮಂದಿರದ ಹೊರಗಿನ ಬಳಕೆಗೆ ಗೀತರಚನೆಕಾರರಿಗೂ ಸಂಯೋಜಕರಿಗೂ ಸಮಪಾಲು ರಾಯಲ್ಟಿ, ಅದನ್ನು ಬರೆಸಿಕೊಳ್ಳುವಂತಿಲ್ಲ ಎಂಬ ತಿದ್ದುಪಡಿ ಬಂದದ್ದು 2012ರಲ್ಲಿ, ಉದಯಶಂಕರ್ ತೀರಿ ಹತ್ತೊಂಬತ್ತು ವರ್ಷಗಳ ಮೇಲೆ. ವಾರಕ್ಕೆರಡು ಹಾಡು ಏಕೆ ಬರೆಯಬೇಕಿತ್ತು ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಕ್ಕಳ ಸ್ಪರ್ಧೆಗೆ ಚಿತ್ರಗೀತೆ ಬಿಡಬೇಕು, ಆದರೆ ಹಾಡುವ ಮಗು ಬರೆದವರ ಹೆಸರು ಹೇಳಲಿ, ಹಾಡಿನ ಎರಡು ಪದಗಳ ಅರ್ಥ ಹೇಳಲಿ ಎಂಬ ನನ್ನ ಸಲಹೆ ಇಲ್ಲಿಂದಲೇ ಬಂದದ್ದು.

ಸಂಬಳದ ನೌಕರಿಯ ಆಸರೆ ಇದ್ದೂ ಸಿನಿಮಾಕ್ಕೆ ಬಂದವರ ಜೋಡಿಯೊಂದು ನಮ್ಮಂಥ ಹೊರನಾಡಿನವರಿಗೆ ಹತ್ತಿರದ್ದು. ಮನೋಮೂರ್ತಿ ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮಿ. 'ಅಮೆರಿಕಾ ಅಮೆರಿಕಾ' (1997) ಅವರ ಮೊದಲ ಚಿತ್ರ. ಒಂಬತ್ತು ವರ್ಷಗಳಲ್ಲಿ ಬೆರಳೆಣಿಕೆಯ ಚಿತ್ರಗಳು, ಆಮೇಲೆ 2006ರ ಕೊನೆಗೆ 'ಮುಂಗಾರು ಮಳೆ'. ಜಯಂತ ಕಾಯ್ಕಿಣಿ ಗೋಕರ್ಣದವರು, ಮುಂಬಯಿಯಲ್ಲಿ ಔಷಧ ಕಂಪನಿಗಳಲ್ಲಿ ಜೀವರಸಾಯನ ತಜ್ಞರಾಗಿ ದುಡಿದವರು. ಹತ್ತೊಂಬತ್ತರ ವಯಸ್ಸಿಗೇ 'ರಂಗದಿಂದೊಂದಿಷ್ಟು ದೂರ' ಕವನ ಸಂಕಲನಕ್ಕೆ ಅಕಾಡೆಮಿ ಬಹುಮಾನ ಪಡೆದ ಕವಿ, ಒಳ್ಳೆಯ ಕತೆಗಾರ. ಐವತ್ತರ ಹೊಸ್ತಿಲಲ್ಲಿ ಮಟ್ಟಿಗೆ ಬರೆಯಲು ಕೂತರು. ಪುಸ್ತಕದ ಕವಿ ಮಟ್ಟಿಗೆ ಬರೆದರೆ ಏನಾಗುತ್ತದೆ ಎಂಬ ಪ್ರಯೋಗ ಹೀಗೆ ನಮ್ಮ ಕಣ್ಣೆದುರೇ ನಡೆಯಿತು. ಆದದ್ದು ಇಷ್ಟು: ಹೂವು ಚಂದಿರ ಹೋಗಲಿಲ್ಲ, ಆದರೆ ಅವುಗಳ ಪಕ್ಕ ದಿನಬಳಕೆಯ ಸಣ್ಣ ವಸ್ತುಗಳು ಬಂದು ಕೂತವು, ಪ್ರೇಮಿ ಘೋಷಿಸುವುದನ್ನು ಬಿಟ್ಟು ಸಂಕೋಚದಿಂದ ಕೇಳತೊಡಗಿದ. ಕೆಲವು ವರ್ಷಗಳಲ್ಲಿ ಆ ಸಂಕೋಚವೂ ಒಂದು ಅಚ್ಚಾಯಿತು, ಬೇರೆಯವರೂ ಅದರಲ್ಲೇ ಎರಕ ಹೊಯ್ದರು, ಕಾಯ್ಕಿಣಿಯವರೂ ಒಮ್ಮೊಮ್ಮೆ ತಮ್ಮದೇ ನೆರಳಿನಲ್ಲಿ ನಡೆದರು.

'ಮುಂಗಾರು ಮಳೆ'ಯ ಹಾಡುಗಳನ್ನು ಹಾಡಿದವರಲ್ಲಿ ಹೆಚ್ಚಿನವರಿಗೆ ಕನ್ನಡ ಮನೆಮಾತಲ್ಲ. ಸೋನು ನಿಗಮ್, ಶ್ರೇಯಾ ಘೋಷಾಲ್ ಅವರ ಉಚ್ಚಾರ ಶ್ರದ್ಧೆಯದು, ಮೆಚ್ಚಬೇಕಾದ್ದು. ಆದರೆ ಹಿಂದಿಯಲ್ಲಿ 'ಳ' ಇಲ್ಲ. ಅಭ್ಯಾಸವಿಲ್ಲದ ನಾಲಿಗೆಯಲ್ಲಿ ಮಳೆ ಸುಲಭವಾಗಿ ಮಲೆಯಾಗುತ್ತದೆ. ಇಲ್ಲಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳ ನಾಲಿಗೆಯೂ ಅದೇ ಸ್ಥಿತಿಯಲ್ಲಿದೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸಾಹಿತ್ಯ ನೋಡಿ ಹಾಡುವ ಮಗುವಿಗೆ 'ಲ' ಮತ್ತು 'ಳ' ಒಂದೇ ಆಗಿ ಕಾಣುತ್ತದೆ. ಅಂಥ ಮಗುವಿಗೆ ನಾನು ಮೊದಲು ಕೇಳಿಸುವುದು ರಾಜ್‌ಕುಮಾರ್ ಹಾಡಿದ ಉದಯಶಂಕರ್ ಹಾಡುಗಳನ್ನು, ನಿಧಾನದವುಗಳನ್ನು, ಮುದ್ರಿತ ಕನ್ನಡ ಸಾಹಿತ್ಯ ಕೈಗೆ ಕೊಟ್ಟು.