ಇತಿಹಾಸದ ಆಕರವಾಗಿ ಛಾಯಾಚಿತ್ರ: ಟಿ. ಎಸ್. ಸತ್ಯನ್‌ರವರ ಸಾಧನೆಯ ಒಂದು ವಿಮರ್ಶೆ

ಮಧುಗಿರಿ ಸೀಮೆಯ ಬಡವನಹಳ್ಳಿಯಂಥ ಊರಿನ ಇತಿಹಾಸವನ್ನು ಬರೆಯಹೊರಟವರು ಮೊದಲು ಅರಸುವುದು ಸುತ್ತಲಿನ ಶಾಸನಗಳನ್ನು, ಕಂದಾಯದ ಕಡತಗಳನ್ನು. ಶಾಸನವು ಕೆರೆಯನ್ನು ಕಟ್ಟಿಸಿದವನ ಹೆಸರನ್ನು ಹೇಳುತ್ತದೆ. ಕಡತವು ಜಮೀನಿನ ವಿಸ್ತೀರ್ಣವನ್ನು ಹೇಳುತ್ತದೆ. ಮಣ್ಣು ಹೊತ್ತವನ ಮುಖವನ್ನಾಗಲಿ, ತಾಯಿಯ ಸೆರಗು ಹಿಡಿದು ಸಂತೆಗೆ ನಡೆದ ಮಗುವಿನ ಬೆರಗನ್ನಾಗಲಿ ಇವು ತಿಳಿಸಲಾರವು. ಈ ಕೊರತೆಯನ್ನು ತುಂಬಬಲ್ಲ ಛಾಯಾಚಿತ್ರವನ್ನು ನಾವು ಗ್ರಂಥದ ಅಲಂಕಾರವೆಂದೇ ಬಗೆಯುತ್ತ ಬಂದಿದ್ದೇವೆ. ಟಿ. ಎಸ್. ಸತ್ಯನ್‌ರವರ ಜೀವಿತಕಾರ್ಯವು ಈ ಭಾವನೆಯನ್ನು ತಿದ್ದುವಂತಹುದು.

ಕನ್ನಡನಾಡಿನಲ್ಲಿ ಕ್ಯಾಮೆರಾ ಮೊದಲು ಹೊರಳಿದ್ದು ಬಹುಮಟ್ಟಿಗೆ ಕಟ್ಟಡಗಳ ಕಡೆಗೆ. ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪೆಯ ಅವಶೇಷಗಳನ್ನು ಮೇಣ ಸವರಿದ ಕಾಗದದ ನೆಗೆಟಿವುಗಳಲ್ಲಿ ಸೆರೆಹಿಡಿದನು. ವಾಸ್ತುಶಿಲ್ಪದ ವಿದ್ಯಾರ್ಥಿಗೆ ಅವು ಅಮೂಲ್ಯ. ಆದರೆ ಕಲ್ಲಿಗೆ ದೊರೆತ ಆ ಗೌರವವು ಸಾಮಾನ್ಯ ಮನುಷ್ಯನಿಗೆ ದೊರೆಯಲು ಬಹುಕಾಲ ಬೇಕಾಯಿತು.

1923ರಲ್ಲಿ ಮೈಸೂರಿನಲ್ಲಿ ಜನಿಸಿ ಮಹಾರಾಜಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಸತ್ಯನ್‌ರವರು, 1948ರಲ್ಲಿ ಆರಂಭವಾದ 'ಡೆಕ್ಕನ್ ಹೆರಾಲ್ಡ್' ಪತ್ರಿಕೆಯ ಛಾಯಾಚಿತ್ರಗ್ರಾಹಕರಾದರು. ಅನಂತರ ಸ್ವತಂತ್ರವಾಗಿ ದುಡಿದು, 'ಲೈಫ್' ಮೊದಲಾದ ವಿದೇಶೀ ಪತ್ರಿಕೆಗಳಿಗೂ ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆಗಳಿಗೂ ಚಿತ್ರಗಳನ್ನು ಒದಗಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ, ಮಕ್ಕಳನ್ನು ಕುರಿತ ಅವರ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. 'ಅಲೈವ್ ಅಂಡ್ ಕ್ಲಿಕಿಂಗ್' ಎಂಬ ಆತ್ಮಕಥೆ 2005ರಲ್ಲಿ ಹೊರಬಂದಿತು. 2009ರಲ್ಲಿ ಅವರು ಮೈಸೂರಿನಲ್ಲಿ ನಿಧನರಾದರು.

ಸತ್ಯನ್‌ರವರ ವೈಶಿಷ್ಟ್ಯವು ಅವರು ಆರಿಸಿಕೊಂಡ ಕ್ಷಣಗಳಲ್ಲಿದೆ. ಅವರ ಕಪ್ಪು-ಬಿಳುಪಿನ ಚಿತ್ರಗಳಲ್ಲಿ ಸಾಮಾನ್ಯರು ತಮ್ಮ ಪಾಡಿಗೆ ತಾವಿರುತ್ತಾರೆ. ಬಡತನವು ಕಾಣುತ್ತದೆ, ಬಡವನ ಮಾನವು ಕುಂದುವುದಿಲ್ಲ. ನೋಡುವವನಿಗೂ ನೋಡಲ್ಪಡುವವನಿಗೂ ನಡುವೆ ಇಲ್ಲಿ ಸ್ನೇಹವಿದೆ.

ಆದರೆ ಈ ಸ್ನೇಹವೇ ಇತಿಹಾಸಕಾರನು ಪರೀಕ್ಷಿಸಬೇಕಾದ ಅಂಶವೆಂದು ನಮ್ಮ ಅಭಿಪ್ರಾಯ. ಪ್ರಶಸ್ತಿಕಾರನು ದೊರೆಯ ಗುಣವನ್ನು ಆಯ್ದು ಹೇಳುವಂತೆ ಛಾಯಾಚಿತ್ರಗ್ರಾಹಕನೂ ಬದುಕಿನ ಒಂದಂಶವನ್ನು ಆಯ್ದು ತೋರುತ್ತಾನೆ. ಸತ್ಯನ್‌ರವರ ದೃಷ್ಟಿಯು ನಲಿವಿನ ಕಡೆಗೆ, ವಿಶೇಷವಾಗಿ ಮಗುವಿನ ಕಡೆಗೆ ಒಲಿದದ್ದು. ಜಾತಿಯ ಕಟ್ಟುಪಾಡು, ಸಾಲದ ಹೊರೆ, ಹೊಲದ ವ್ಯಾಜ್ಯ ಇವುಗಳಿಗೆ ಆ ಲೋಕದಲ್ಲಿ ಸ್ಥಳ ಕಡಿಮೆ. ಸಂಸ್ಥೆಗಳಿಗಾಗಿ ತೆಗೆದ ಚಿತ್ರಗಳಲ್ಲಿ ಆ ಸಂಸ್ಥೆಗಳ ಉದ್ದೇಶವೂ ಬೆರೆತಿರುವುದು ಸಹಜ. ಇದರಿಂದ ಅವುಗಳ ಬೆಲೆ ತಗ್ಗುವುದಿಲ್ಲ. ಶಾಸನಕ್ಕೆ ಸಲ್ಲುವ ಆಕರವಿಮರ್ಶೆಯು ಚಿತ್ರಕ್ಕೂ ಸಲ್ಲಬೇಕೆಂದಷ್ಟೇ ಇದರಿಂದ ಸಿದ್ಧವಾಗುತ್ತದೆ. ಯಾರು, ಯಾರಿಗಾಗಿ, ಎಂದು, ಎಲ್ಲಿ ತೆಗೆದರು, ಚೌಕಟ್ಟಿನ ಹೊರಗೆ ಉಳಿದದ್ದೇನು ಎಂಬ ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಚಿತ್ರವು ಸಾಕ್ಷ್ಯವಾಗುತ್ತದೆ.

ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋಗುತ್ತಾರೆ. ಬಡವನಹಳ್ಳಿಯಲ್ಲಾಗಲಿ ಮತ್ತಾವ ಹಳ್ಳಿಯಲ್ಲಾಗಲಿ, ಮನೆಯ ಗೋಡೆಯ ಮೇಲೆ ಮಾಸುತ್ತಿರುವ ಚಿತ್ರವೊಂದನ್ನು ಕಂಡರೆ ಅದರಲ್ಲಿರುವವರ ಹೆಸರು, ಊರು, ವರ್ಷಗಳನ್ನು ಹಿರಿಯರಿಂದ ಕೇಳಿ ಬರೆದಿಡಲಿ. ಹೇಳಬಲ್ಲ ಹಿರಿಯರು ಇಲ್ಲವಾದ ಮೇಲೆ ಮುಖವು ಉಳಿಯುತ್ತದೆ, ಇತಿಹಾಸವು ಉಳಿಯುವುದಿಲ್ಲ.