ಪಾಗ್ ದ್ವೀಪದಲ್ಲಿ ಅರ್ಧ ದಿನ: ಗಾಳಿ, ಉಪ್ಪು, ಕುರಿಹಾಲು

ಕ್ರೊಯೇಷಿಯಾದ ಆಡ್ರಿಯಾಟಿಕ್ ಕರಾವಳಿಯ ಉತ್ತರಾರ್ಧದಲ್ಲಿ, ವೆಲೆಬಿತ್ ಪರ್ವತಶ್ರೇಣಿಗೆ ಎದುರಾಗಿ, ಕಿರಿದಾದ ಕಡಲ ಪಟ್ಟಿಯೊಂದರ ಆಚೆಗೆ ಸುಮಾರು 60 ಕಿ.ಮೀ. ಉದ್ದಕ್ಕೆ ಚಾಚಿಕೊಂಡಿರುವ ಪಾಗ್ ದ್ವೀಪವು ತನ್ನ ಕುರಿಹಾಲಿನ ಚೀಸ್‌ನಿಂದಾಗಿ ಯುರೋಪಿನ ರುಚಿಪ್ರಿಯರ ನಡುವೆ ಹೆಸರಾಗಿದೆ. ಪಾಶ್ಕಿ ಸಿರ್, ಅಂದರೆ ಪಾಗ್‌ನ ಚೀಸ್, ಎಂದು ಕರೆಯಲ್ಪಡುವ ಈ ಗಟ್ಟಿ ಚೀಸ್‌ನ ರುಚಿ ನೋಡಲೆಂದೇ ಜಾದರ್ ನಗರದಿಂದ ಅರ್ಧ ದಿನದ ಪ್ರವಾಸಗಳು ಹೊರಡುತ್ತವೆ. ಇಂಥ ಪ್ರವಾಸವೊಂದು ಸಾರ್ಥಕವಾಗುವುದು ಅದರಲ್ಲಿ ಎಷ್ಟು ತಾಣಗಳನ್ನು ತೋರಿಸಲಾಯಿತು ಎಂಬುದರಿಂದಲ್ಲ, ಅವುಗಳನ್ನು ಯಾವ ಕ್ರಮದಲ್ಲಿ ತೋರಿಸಲಾಯಿತು ಎಂಬುದರಿಂದ. ಮೊದಲು ಕಲ್ಲುನೆಲ, ಆಮೇಲೆ ಉಪ್ಪು, ಅನಂತರ ಕುರಿ, ಕಟ್ಟಕಡೆಗೆ ಚೀಸ್ ಎಂಬ ಅನುಕ್ರಮವನ್ನು ಪಾಲಿಸಿದ ಮಾರ್ಗದರ್ಶಿಯು ನಾಲ್ಕೈದು ಗಂಟೆಗಳಲ್ಲಿ ಮಾಡಿಕೊಡುವ ಪರಿಚಯವನ್ನು, ನೇರವಾಗಿ ಚೀಸ್ ಅಂಗಡಿಯ ಮೇಜಿಗೆ ಕರೆದೊಯ್ಯುವವರು ಇಡೀ ದಿನ ಕೊಟ್ಟರೂ ಮಾಡಿಕೊಡಲಾರರು.

ಜಾದರ್‌ನಿಂದ ಉತ್ತರಕ್ಕೆ ಸಾಗುವ ರಸ್ತೆಯು 1968ರಲ್ಲಿ ಕಟ್ಟಿ ಮುಗಿಸಿದ ಪಾಗ್ ಸೇತುವೆಯ ಮೇಲೆ ಹಾದು ದ್ವೀಪವನ್ನು ಸೇರುತ್ತದೆ. ಸೇತುವೆ ದಾಟಿದೊಡನೆ ವಾಹನ ನಿಲ್ಲಿಸಿ ಇಳಿಯುವುದು ಅಗತ್ಯ, ಏಕೆಂದರೆ ಮುಂದೆ ನಾಲಿಗೆಗೆ ತಾಕಲಿರುವ ರುಚಿಯ ಕಾರಣಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಕಣ್ಣಿಗೆ ಬೀಳುತ್ತವೆ. ವೆಲೆಬಿತ್‌ಗೆ ಮುಖಮಾಡಿದ ದ್ವೀಪದ ಪೂರ್ವ ಮಗ್ಗುಲಲ್ಲಿ ಮರವಿಲ್ಲ, ಪೊದೆಯೂ ಇಲ್ಲವೆನ್ನುವಷ್ಟು ವಿರಳ. ಬಿಳಿ ಸುಣ್ಣಕಲ್ಲಿನ ಬರಿಮೈ ನೀರಿನ ಅಂಚಿನವರೆಗೂ ಇಳಿದಿದೆ. ಮಳೆನೀರು ಮೇಲೆ ನಿಲ್ಲದೆ ಬಿರುಕುಗಳಲ್ಲಿ ಇಂಗಿಹೋಗುವ ಇಂಥ ಸುಣ್ಣಕಲ್ಲಿನ ನೆಲಕ್ಕೆ ಭೂವಿಜ್ಞಾನಿಗಳು ಕಾರ್ಸ್ಟ್ ಎನ್ನುತ್ತಾರೆ. ಇಲ್ಲಿ ಮಣ್ಣು ತೆಳು, ನೀರು ಅಪರೂಪ, ಕಡಿದ ಮರ ಮತ್ತೆ ಚಿಗುರುವುದು ಕಷ್ಟ. ಶತಮಾನಗಳ ಮರಕಡಿತ ಮತ್ತು ಮೇಯಿಸುವಿಕೆಯೂ ಈ ಬೋಳುತನಕ್ಕೆ ತಮ್ಮ ಪಾಲನ್ನು ಕೊಟ್ಟಿವೆ. ಆದರೆ ನೆಲವನ್ನು ಹೀಗೆಯೇ ಉಳಿಸಿರುವ ಮುಖ್ಯ ಶಕ್ತಿ ಗಾಳಿ.

ಬುರಾ ಎಂಬುದು ಆ ಗಾಳಿಯ ಹೆಸರು. ವೆಲೆಬಿತ್‌ನ ಆಚೆಗಿನ ಒಳನಾಡಿನಲ್ಲಿ ಸಂಗ್ರಹವಾದ ತಣ್ಣನೆಯ ಭಾರವಾದ ಗಾಳಿಯು 1,700 ಮೀಟರಿಗೂ ಎತ್ತರದ ಶಿಖರಗಳ ನಡುವಣ ಕಣಿವೆಗಳ ಮೂಲಕ ಕಡಲಿಗೆ ಧುಮುಕುವುದರಿಂದ ಇದು ಹುಟ್ಟುತ್ತದೆ. ಚಳಿಗಾಲದಲ್ಲಿ ಇದರ ರಭಸ ಎಷ್ಟೆಂದರೆ, ಈ ಕರಾವಳಿಯಲ್ಲಿ ಗಂಟೆಗೆ 200 ಕಿ.ಮೀ. ಮೀರಿದ ಹೊಡೆತಗಳು ದಾಖಲಾಗಿವೆ, ಸೇತುವೆಯ ಮೇಲೆ ವಾಹನ ಸಂಚಾರವನ್ನು ನಿಲ್ಲಿಸಬೇಕಾಗುತ್ತದೆ. ಕಡಲ ಮೇಲ್ಮೈಯನ್ನು ಸೀಳಿ ನೀರನ್ನು ಹೊಗೆಯಂತೆ ಮೇಲೆತ್ತುವ ಬುರಾ, ಆ ತುಂತುರನ್ನು ದ್ವೀಪದ ಮೇಲೆಲ್ಲ ಎರಚುತ್ತದೆ. ನೀರು ಆರಿದ ಮೇಲೆ ಕಲ್ಲಿನ ಮೇಲೆ, ಎಲೆಯ ಮೇಲೆ ಉಪ್ಪಿನ ತೆಳುಪದರ ಉಳಿಯುತ್ತದೆ. ಈ ಉಪ್ಪುಪದರಕ್ಕೆ ಸ್ಥಳೀಯರು ಪೊಸೊಲಿತ್ಸಾ ಎನ್ನುತ್ತಾರೆ. ಉಪ್ಪನ್ನೂ ಬರವನ್ನೂ ತಾಳಿಕೊಳ್ಳಬಲ್ಲ ಸಸ್ಯಗಳು ಮಾತ್ರ ಇಲ್ಲಿ ಬದುಕುತ್ತವೆ, ಮತ್ತು ಅವುಗಳಲ್ಲಿ ಹಲವು ಸುಗಂಧ ಸಸ್ಯಗಳು: ಬೂದುಹಸಿರು ಎಲೆಯ ಸೇಜ್, ಹಳದಿ ಹೂವಿನ ಹೆಲಿಕ್ರೈಸಮ್. ಕಲ್ಲುಗಳ ಸಂದಿನಿಂದ ಸೇಜ್ ಎಲೆಯೊಂದನ್ನು ಕಿತ್ತು ಬೆರಳಲ್ಲಿ ಉಜ್ಜಿ ಮೂಸಿ, ಅನಂತರ ನಾಲಿಗೆಗೆ ತಾಕಿಸಿ ನೋಡುವ ಪ್ರವಾಸಿಗೆ ಆ ದಿನದ ಮೊದಲ ಪಾಠ ಆಯಿತೆಂದೇ ಲೆಕ್ಕ.

ಮುಂದಿನ ನಿಲುಗಡೆ ಪಾಗ್ ಪಟ್ಟಣ. ಆಳವಾಗಿ ಒಳಸರಿದ ಕೊಲ್ಲಿಯ ತುದಿಯಲ್ಲಿರುವ ಈ ಊರು ತಾನಾಗಿ ಬೆಳೆದದ್ದಲ್ಲ, ನಕ್ಷೆ ಬರೆದು ಕಟ್ಟಿದ್ದು. 1409ರಲ್ಲಿ ನೇಪಲ್ಸ್‌ನ ದೊರೆ ಲಾದಿಸ್ಲಾಸ್ ಡಾಲ್ಮೇಷಿಯಾದ ಮೇಲಿನ ತನ್ನ ಹಕ್ಕನ್ನು 1,00,000 ಡುಕಾಟ್ ಚಿನ್ನದ ನಾಣ್ಯಗಳಿಗೆ ವೆನಿಸ್‌ಗೆ ಮಾರಿದಾಗ ಪಾಗ್ ಕೂಡ ಆ ಮಾರಾಟದಲ್ಲಿ ಸೇರಿತ್ತು. ವೆನಿಸ್‌ನ ಆಳ್ವಿಕೆಯಲ್ಲಿಯೇ, 1443ರಲ್ಲಿ, ಹೊಸ ಪಟ್ಟಣಕ್ಕೆ ಅಡಿಗಲ್ಲು ಬಿತ್ತು. ಶಿಬೆನಿಕ್‌ನ ಪ್ರಖ್ಯಾತ ಪ್ರಧಾನ ದೇವಾಲಯದ ಶಿಲ್ಪಿ ಯುರಾಯ್ ದಾಲ್ಮಾತಿನಾತ್ಸ್‌ನ ಹೆಸರು ಈ ಪಟ್ಟಣದ ವಿನ್ಯಾಸದೊಂದಿಗೆ ಸೇರಿಕೊಂಡಿದೆ. ಊರಿನ ಸಂಪತ್ತಿನ ಮೂಲ ಉಪ್ಪು. ಕೊಲ್ಲಿಯ ಹಿಂಭಾಗದ ತಗ್ಗಿನಲ್ಲಿ ಸಮುದ್ರದ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೂ ಗಾಳಿಗೂ ಬಿಟ್ಟು ಆರಿಸುವ ಉಪ್ಪಿನಗದ್ದೆಗಳು ಮಧ್ಯಯುಗದಿಂದ ಇಂದಿನವರೆಗೂ ನಡೆದುಬಂದಿವೆ, ನೀರಿನಂಚಿನ ಹಳೆಯ ಕಲ್ಲಿನ ಉಗ್ರಾಣಗಳು ಈಗಲೂ ನಿಂತಿವೆ. ಚೀಸ್‌ನ ದೃಷ್ಟಿಯಿಂದ ಇದು ಮುಖ್ಯ. ಶೀತಲ ಯಂತ್ರವಿಲ್ಲದ ಕಾಲದಲ್ಲಿ ಹಾಲನ್ನು ತಿಂಗಳುಗಟ್ಟಲೆ ಕಾಪಿಡಬೇಕಾದರೆ ಅದನ್ನು ಹೆಪ್ಪುಗಟ್ಟಿಸಿ, ನೀರು ಹಿಂಡಿ, ಉಪ್ಪು ಹಿಡಿಸುವುದೊಂದೇ ದಾರಿಯಾಗಿತ್ತು, ಮತ್ತು ಆ ಉಪ್ಪು ದ್ವೀಪದವರ ಕೈಯಳತೆಯಲ್ಲೇ ಇತ್ತು.

ಪಟ್ಟಣದ ಹೆಂಗಸರು ಸೂಜಿಯಿಂದ ಹೆಣೆಯುವ ಕಸೂತಿಜಾಲರಿಯು, ಕ್ರೊಯೇಷಿಯಾದ ಇನ್ನೆರಡು ಕಡೆಗಳ ಜಾಲರಿಕಲೆಯ ಜೊತೆಗೆ, 2009ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಅದನ್ನು ಹದಿನೈದು ನಿಮಿಷ ನೋಡಿ ಹೊರಟರೆ ಸಾಕು. ಹೊತ್ತನ್ನು ಮೇಯುವ ನೆಲಕ್ಕೆ ಉಳಿಸಿಕೊಳ್ಳಬೇಕು.

ಪಟ್ಟಣದಿಂದ ಕೊಲಾನ್ ಹಳ್ಳಿಯ ಕಡೆಗೆ ಹೋಗುವ ದಾರಿಯುದ್ದಕ್ಕೂ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಬೆಟ್ಟವನ್ನು ಏರಿ ಇಳಿಯುತ್ತವೆ. ಕ್ರೊಯೇಷಿಯಾ ಸೇರಿದಂತೆ ಎಂಟು ಯುರೋಪಿಯನ್ ದೇಶಗಳ ಈ ಒಣಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೊ 2018ರಲ್ಲಿ ಮಾನ್ಯ ಮಾಡಿದೆ. ಪಾಗ್‌ನಲ್ಲಿ ಈ ಗೋಡೆಗಳು ಒಬ್ಬರ ಮೇವಿನ ನೆಲವನ್ನು ಇನ್ನೊಬ್ಬರದರಿಂದ ಬೇರ್ಪಡಿಸುತ್ತವೆ, ಬುರಾ ಬೀಸುವಾಗ ಕುರಿಗಳಿಗೆ ಮರೆಯಾಗುತ್ತವೆ, ಕಿತ್ತ ಕಲ್ಲನ್ನು ಒಂದೆಡೆ ಒಟ್ಟಿ ಹುಲ್ಲಿಗೆ ಜಾಗ ಮಾಡಿಕೊಡುತ್ತವೆ. ಇವುಗಳ ಒಳಗೆ ಮೇಯುವ ಪಾಗ್ ಕುರಿಯು ಗಾತ್ರದಲ್ಲಿ ಚಿಕ್ಕದು, ಸಾಮಾನ್ಯವಾಗಿ 40 ಕಿಲೋದ ಒಳಗೇ ತೂಗುತ್ತದೆ. ಸ್ಥಳೀಯ ಒರಟು ತುಪ್ಪಟದ ತಳಿಗೆ 19ನೇ ಶತಮಾನದಲ್ಲಿ ಉಣ್ಣೆಯ ಸುಧಾರಣೆಗಾಗಿ ಮೆರಿನೋ ಟಗರುಗಳನ್ನು ಕೂಡಿಸಿದ್ದರ ಫಲ ಇದು. ಉಣ್ಣೆಗಾಗಿ ನಡೆದ ಆ ಪ್ರಯತ್ನದ ಹೆಸರು ಇಂದು ಹಾಲಿನಿಂದ ಉಳಿದಿದೆ. ವರ್ಷದ ಹೆಚ್ಚು ಕಾಲ ಬಯಲಿನಲ್ಲೇ ಇರುವ ಈ ಕುರಿಗಳು ಸಿಕ್ಕ ಎಲೆಯನ್ನು ಆರಿಸಿ ತಿನ್ನುತ್ತವೆ. ಅವು ದಿನಕ್ಕೆ ಕೊಡುವ ಹಾಲು ಹೆಚ್ಚೆಂದರೆ ಅರ್ಧ ಲೀಟರಿನ ಆಸುಪಾಸು. ಆದರೆ ಆ ಹಾಲಿನಲ್ಲಿ ಕೊಬ್ಬು ಶೇ. 7ರಿಂದ 9ರವರೆಗೆ ಇರುತ್ತದೆ, ಹಸುವಿನ ಹಾಲಿನಲ್ಲಿ ಇರುವುದರ ಇಮ್ಮಡಿ. ಹಸುವಿನ ಹಾಲಿನಲ್ಲಿ ಒಂದು ಕಿಲೋ ಗಟ್ಟಿ ಚೀಸ್‌ಗೆ ಸುಮಾರು 10 ಲೀಟರ್ ಬೇಕಾದರೆ, ಈ ದಪ್ಪಹಾಲಿನಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಾಕಾಗುತ್ತದೆ.

ಹಾಲಿನ ಋತುವು ಪ್ರವಾಸದ ಋತುವಿಗೆ ಹೊಂದುವುದಿಲ್ಲ ಎಂಬುದನ್ನು ಪ್ರವಾಸದ ಕರಪತ್ರಗಳು ಸ್ಪಷ್ಟವಾಗಿ ಹೇಳುವುದು ಒಳಿತು. ಕುರಿಗಳು ಚಳಿಗಾಲದಲ್ಲಿ ಈಯುತ್ತವೆ, ಮರಿಗಳನ್ನು ಬೇಗನೆ ತಾಯಿಯಿಂದ ಬೇರ್ಪಡಿಸಿದ ಮೇಲೆ ಹಿಂಡುವುದು ಆರಂಭವಾಗಿ ಬೇಸಿಗೆಯ ಮೊದಲ ಭಾಗಕ್ಕೆ ಮುಗಿಯುತ್ತದೆ. ಪಾಗ್‌ನ ಎಳೆಮರಿಯ ಮಾಂಸವೂ ಚೀಸ್‌ನಷ್ಟೇ ಪ್ರಸಿದ್ಧವೆಂಬುದು, ಅವೆರಡೂ ಒಂದೇ ಕಸುಬಿನ ಎರಡು ಮುಖಗಳೆಂಬುದು ಮುಚ್ಚಿಡಬೇಕಾದ ಸಂಗತಿಯಲ್ಲ. ಪ್ರವಾಸಿಗರು ಕಿಕ್ಕಿರಿಯುವ ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಡೈರಿಯ ಕುರಿಹಾಲಿನ ಕಡಾಯಿಗಳು ಬಹುಮಟ್ಟಿಗೆ ಖಾಲಿ. ಆಗ ನೋಡಲು ಸಿಗುವುದು ಮಾಗುತ್ತಿರುವ ಚೀಸ್ ಮಾತ್ರ.

ಕೊಲಾನ್ ಚಿಕ್ಕ ಹಳ್ಳಿಯಾದರೂ ದ್ವೀಪದ ಚೀಸ್ ತಯಾರಿಕೆಯ ಒಂದು ಮುಖ್ಯ ಕೇಂದ್ರ. ಪಾಗ್ ಪಟ್ಟಣದಲ್ಲಿ 1946ರಿಂದ ನಡೆಯುತ್ತಿರುವ ಪಾಶ್ಕಾ ಸಿರಾನಾ ದೊಡ್ಡ ಡೈರಿಯಾದರೆ, ಕೊಲಾನ್‌ನಲ್ಲಿ ಸಿರಾನಾ ಗ್ಲಿಗೊರಾ ಸಂದರ್ಶಕರಿಗೆ ತಯಾರಿಕೆಯನ್ನು ತೋರಿಸಿ ರುಚಿಗೆ ಕೂರಿಸುತ್ತದೆ. ಇವಲ್ಲದೆ ಮನೆಮಟ್ಟದಲ್ಲಿ ಚೀಸ್ ಮಾಡುವ ಕುಟುಂಬಗಳೂ ಇವೆ. ವಿಧಾನ ಎಲ್ಲೆಡೆ ಮೂಲತಃ ಒಂದೇ. ಬೆಚ್ಚಗೆ ಮಾಡಿದ ಹಾಲಿಗೆ ಆಮ್ಲ ಹುಟ್ಟಿಸುವ ಬ್ಯಾಕ್ಟೀರಿಯಾಗಳ ಹೆಪ್ಪನ್ನೂ, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಎಂಬ ಕಿಣ್ವವನ್ನೂ ಸೇರಿಸುತ್ತಾರೆ. ಕೂಡಿದ ಗಡ್ಡೆಯನ್ನು ತಂತಿಗಳಿಂದ ಸಣ್ಣ ಕಾಳಿನ ಗಾತ್ರಕ್ಕೆ ಕತ್ತರಿಸಿ, ಕದಡುತ್ತ ಬಿಸಿ ಏರಿಸಿ ಒಳಗಿನ ಹಾಲೊಡಕನ್ನು ಬಿಡಿಸುತ್ತಾರೆ. ಅಚ್ಚಿಗೆ ತುಂಬಿ ಒತ್ತಿ, ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಅನಂತರ ತಂಪಾದ ಕೋಣೆಯ ಹಲಗೆಗಳ ಮೇಲೆ ತಿರುವಿ ಹಾಕುತ್ತ ಮಾಗಿಸುತ್ತಾರೆ. ರೆನೆಟ್ ಪರಂಪರೆಯಿಂದ ಎಳೆಗರು ಅಥವಾ ಕುರಿಮರಿಯ ಜಠರದಿಂದ ತೆಗೆದದ್ದು. ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುವ ಡೈರಿಗಳೂ ಯುರೋಪಿನಲ್ಲಿ ಇವೆ. ಆದ್ದರಿಂದ ಸಸ್ಯಾಹಾರಿಗಳಾದ ಕನ್ನಡಿಗ ಪ್ರವಾಸಿಗರು ಮೇಜಿನ ಮುಂದೆ ಕೂರುವ ಮೊದಲೇ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಉಚಿತ, ಅದನ್ನು ಯಾರೂ ಅಸಭ್ಯವೆಂದು ಭಾವಿಸುವುದಿಲ್ಲ.

ಪಾಶ್ಕಿ ಸಿರ್ 2019ರಲ್ಲಿ ಐರೋಪ್ಯ ಒಕ್ಕೂಟದ ಸಂರಕ್ಷಿತ ಮೂಲನಾಮದ ಮಾನ್ಯತೆ ಪಡೆಯಿತು. ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಇರುವ ಭೌಗೋಳಿಕ ಸೂಚಕದ ಕುಟುಂಬಕ್ಕೇ ಸೇರಿದ ಈ ಮಾನ್ಯತೆಯು, ಹಾಲು ಪಾಗ್ ಕುರಿಯದ್ದೇ ಆಗಿರಬೇಕು, ಹಾಲು ಹಿಂಡುವುದರಿಂದ ಮಾಗಿಸುವವರೆಗಿನ ಕೆಲಸ ದ್ವೀಪದಲ್ಲೇ ನಡೆಯಬೇಕು, ಕನಿಷ್ಠ 60 ದಿನ ಮಾಗಿರಬೇಕು ಎಂದು ವಿಧಿಸುತ್ತದೆ. ದ್ವೀಪದ ಡೈರಿಗಳು ಹಸುವಿನ ಹಾಲಿನ ಮತ್ತು ಮಿಶ್ರ ಹಾಲಿನ ಚೀಸ್‌ಗಳನ್ನೂ ಮಾಡುತ್ತವೆ. ಅವು ಕೆಟ್ಟವಲ್ಲ, ಆದರೆ ಅವು ಪಾಶ್ಕಿ ಸಿರ್ ಅಲ್ಲ. ಕೊಳ್ಳುವವರು ಚೀಟಿಯ ಮೇಲಿನ ಹೆಸರನ್ನೂ ಕೆಂಪು ಹಳದಿ ಬಣ್ಣದ ಮುದ್ರೆಯನ್ನೂ ನೋಡಿಯೇ ಕೊಳ್ಳಬೇಕು.

ಇನ್ನು ರುಚಿ ನೋಡುವ ಕ್ರಮ. ಒಳ್ಳೆಯ ಮೇಜಿನ ಮೇಲೆ ಮೊದಲು ಬರುವುದು ಸ್ಕುತಾ, ಅಂದರೆ ಚೀಸ್ ಮಾಡಿ ಉಳಿದ ಹಾಲೊಡಕನ್ನು ಮತ್ತೆ ಕಾಯಿಸಿದಾಗ ತೇಲುವ ಮೆತ್ತನೆಯ, ಉಪ್ಪಿಲ್ಲದ, ಸಿಹಿಯಾದ ಮುದ್ದೆ. ಅನಂತರ ಎರಡು ಮೂರು ತಿಂಗಳ ಎಳೆಯ ಚೀಸ್, ಆಮೇಲೆ ಆರೇಳು ತಿಂಗಳದ್ದು, ಕೊನೆಗೆ ವರ್ಷ ದಾಟಿದ್ದು. ತಣ್ಣಗಿರುವ ಚೀಸ್ ಮೂಕವಾಗಿರುವುದರಿಂದ ಅರ್ಧ ಗಂಟೆ ಮೊದಲೇ ಹೊರಗೆ ತೆಗೆದಿರಬೇಕು; ತೆಳುವಾದ ತ್ರಿಕೋನಾಕಾರದ ಚೂರನ್ನು ಮುರಿದು, ಮುರಿದ ಮುಖವನ್ನು ಮೊದಲು ಮೂಸಬೇಕು. ಎಳೆಯದು ನಸು ಹಳದಿ, ಬಾಗುತ್ತದೆ, ಹಾಲಿನ ಸಿಹಿ ಮುಂದಾಗಿರುತ್ತದೆ. ಆರು ತಿಂಗಳು ದಾಟಿದ್ದು ಬಾಗುವ ಬದಲು ಮುರಿಯುತ್ತದೆ, ಬಾಯಲ್ಲಿ ಮೊದಲು ಪುಡಿಯಾಗಿ ಆಮೇಲೆ ಬೆಣ್ಣೆಯಂತೆ ಕರಗುತ್ತದೆ. ವರ್ಷ ತುಂಬಿದ್ದರಲ್ಲಿ ಹಲ್ಲಿಗೆ ಸಣ್ಣ ಹರಳುಗಳು ಸಿಗುತ್ತವೆ. ಅವು ಉಪ್ಪಲ್ಲ, ಹಾಲಿನ ಸಸಾರಜನಕ ಒಡೆದು ಬಿಡುಗಡೆಯಾದ ಟೈರೊಸಿನ್ ಎಂಬ ಅಮೈನೊ ಆಮ್ಲದ ಹರಳುಗಳು; ಚೀಸ್ ಸಾಕಷ್ಟು ಮಾಗಿದೆ ಎಂಬುದಕ್ಕೆ ಅವೇ ಸಾಕ್ಷಿ.

ಮೇಜಿನ ಬಳಿ ಪ್ರತಿ ಮಾರ್ಗದರ್ಶಿಯೂ ಸೇಜ್ ಎಲೆಯ ಘಮ ಚೀಸ್‌ನಲ್ಲಿ ಸಿಗುತ್ತದೆ ಎನ್ನುತ್ತಾರೆ. ಕುರಿ ತಿಂದ ಸುಗಂಧ ಸಸ್ಯಗಳ ಟರ್ಪೀನ್ ಎಂಬ ಆವಿಯಾಗುವ ತೈಲಾಂಶಗಳು ಅಲ್ಪ ಪ್ರಮಾಣದಲ್ಲಿ ಹಾಲಿಗೆ ಇಳಿಯುತ್ತವೆ ಎಂಬುದು ನಿಜ. ಆದರೆ ಈ ಚೀಸ್‌ನ ಬಲ ಬಹುಮಟ್ಟಿಗೆ ಕುರಿಹಾಲಿನ ಸಮೃದ್ಧ ಕೊಬ್ಬಿನಲ್ಲಿದೆ, ಆ ಕೊಬ್ಬು ನಿಧಾನವಾಗಿ ಒಡೆದು ಬಿಡುಗಡೆಯಾಗುವ ಆಮ್ಲಗಳ ಖಾರದಲ್ಲಿದೆ, ತಿಂಗಳುಗಟ್ಟಲೆ ತಿರುವಿ ಹಾಕಿದ ಕೈಗಳಲ್ಲಿದೆ. ಗಾಳಿ ಮತ್ತು ಉಪ್ಪು ನೇರವಾಗಿ ರುಚಿಯಾಗಿ ಬರುವುದಕ್ಕಿಂತ ಹೆಚ್ಚಾಗಿ, ಇಂಥ ಸಸ್ಯ ಮಾತ್ರ, ಇಂಥ ಕುರಿ ಮಾತ್ರ, ಇಷ್ಟೇ ಹಾಲು ಎಂದು ಮಿತಿ ಹಾಕಿವೆ. ಆ ಮಿತಿಯೇ ಈ ಚೀಸ್‌ನ ಗುಣವನ್ನು ಕಾಪಾಡಿದೆ. ಸೇಜ್‌ನ ಘಮವನ್ನು ಹುಡುಕಿ ನಿರಾಶರಾಗುವ ಬದಲು, ನುಂಗಿದ ಮೇಲೆ ಗಂಟಲ ಹಿಂದೆ ಉಳಿಯುವ ಸಿಹಿಮಿಶ್ರಿತ ಖಾರವು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸುವುದು ಹೆಚ್ಚು ಫಲಕಾರಿ. ನಡುನಡುವೆ ಸಾದಾ ಬ್ರೆಡ್ಡು, ನೀರು ಸಾಕು; ಸ್ಥಳೀಯರು ಚೀಸ್ ಮೇಲೆ ಕೆಲವು ಹನಿ ಆಲಿವ್ ಎಣ್ಣೆ ಹಾಕಿಕೊಳ್ಳುತ್ತಾರೆ, ದ್ರಾಕ್ಷಾರಸ ಕುಡಿಯುವವರು ಗೆಗಿಚ್ ದ್ರಾಕ್ಷಿಯಿಂದ ಮಾಡುವ ಜುತಿತ್ಸಾ ಎಂಬ ಬಿಳಿ ವೈನ್ ಜೊತೆಗಿಟ್ಟುಕೊಳ್ಳುತ್ತಾರೆ. ತಟ್ಟೆಯಲ್ಲಿ ಜೇನು, ಅಂಜೂರ, ಮುರಬ್ಬ ತುಂಬಿ ಕೊಡುವುದು ಕಣ್ಣಿಗೆ ಚೆಂದ. ಹಳೆಯ ಚೀಸ್‌ನ ಮೊದಲ ತುಣುಕನ್ನಾದರೂ ಅವುಗಳ ಸೋಂಕಿಲ್ಲದೆ ತಿನ್ನಬೇಕು.

ಅರ್ಧ ದಿನದಲ್ಲಿ ಬಿಡಬೇಕಾದವೂ ಇವೆ. ಉತ್ತರ ತುದಿಯ ಲುನ್‌ನಲ್ಲಿ ಶತಮಾನಗಳಷ್ಟು ಹಳೆಯ ಕಾಡು ಆಲಿವ್ ಮರಗಳ ತೋಪಿದೆ, ನೊವಾಲ್ಯದಲ್ಲಿ ಬಂಡೆ ಕೊರೆದು ಮಾಡಿದ ರೋಮನ್ನರ ಕಾಲದ ನೀರುಗಾಲುವೆಯಿದೆ. ಎರಡೂ ಅಮೂಲ್ಯ, ಎರಡಕ್ಕೂ ಇನ್ನೊಂದು ದಿನವೇ ಬೇಕು. ಅವನ್ನು ತುರುಕಿದ ಪ್ರವಾಸದಲ್ಲಿ ಮೊದಲು ಕತ್ತರಿ ಬೀಳುವುದು ಮೇಯುವ ನೆಲದ ನಡಿಗೆಗೆ.

ಆದುದರಿಂದ ಹಣ ಕಟ್ಟುವ ಮೊದಲು ಓದುಗರು ಕೇಳಬೇಕಾದ ಪ್ರಶ್ನೆಗಳು ಮೂರು: ಕುರಿಗಳಿರುವ ಬಯಲಿನಲ್ಲಿ ನಡೆಯಲು ಸಮಯವಿದೆಯೇ, ಡೈರಿಯಲ್ಲಿ ಅಂದು ಹಾಲು ಬರುತ್ತದೆಯೇ, ಮೇಜಿನ ಮೇಲೆ ಕನಿಷ್ಠ ಮೂರು ವಯಸ್ಸಿನ ಪಾಶ್ಕಿ ಸಿರ್ ಇರುತ್ತದೆಯೇ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮೂರಕ್ಕೂ ಹೌದು ಎಂಬ ಉತ್ತರ ಸಿಕ್ಕರೆ ಆ ಪ್ರವಾಸಕ್ಕೆ ತೆತ್ತ ಹಣ ಸಾರ್ಥಕ. ಆಗಸ್ಟ್‌ನಲ್ಲಿ ಮೊದಲೆರಡಕ್ಕೆ ಇಲ್ಲ ಎಂದಾದರೆ, ಪ್ರವಾಸವನ್ನು ಕೈಬಿಟ್ಟು ನೇರವಾಗಿ ಡೈರಿಯ ಮಳಿಗೆಗೆ ಹೋಗಿ, ವರ್ಷ ತುಂಬಿದ ಚೀಸ್‌ನ ಒಂದು ತುಂಡನ್ನು ಕೊಂಡು, ಸೇತುವೆಯ ಬಳಿಯ ಕಲ್ಲುಗಳ ಮೇಲೆ ಕೂತು ತಿನ್ನುವುದು ಉತ್ತಮ.